ಕ್ರಿಯಾಪದವಿಲ್ಲದ ಸಾಲು

ಪುಣೆಗೆ ಬಂದ ಎರಡನೆಯ ವರ್ಷ ನಾನು ಬರೆದ ಒಂದು ವಾಕ್ಯ ಒಬ್ಬ ಗ್ರಾಹಕರ ಆರು ತಿಂಗಳ ದಾಖಲೆಗಳನ್ನು ನುಂಗಿ ಹಾಕಿತು. ಆಗ ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸದಲ್ಲಿದ್ದೆ. ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡುವುದು ಹೇಗೆಂದು ತಿಳಿಸುವ ಪುಟದಲ್ಲಿ, ಹಳೆಯ ಲಾಗ್ ಫೈಲುಗಳು ‘ಮೇ ಬಿ ಡಿಲೀಟೆಡ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ನನಗೆ ಎಂಜಿನಿಯರ್ ಹೇಳಿದ್ದು ಎಚ್ಚರಿಕೆಯ ಮಾತು: ಅಪ್‌ಗ್ರೇಡ್ ನಡೆಯುವಾಗ ಈ ಫೈಲುಗಳು ಅಳಿಸಿಹೋಗುವ ಸಂಭವವಿದೆ, ಮೊದಲೇ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಿ. ಗ್ರಾಹಕರ ಕಡೆಯ ಹುಡುಗ ಓದಿಕೊಂಡದ್ದು ಅನುಮತಿಯ ಮಾತು: ಬೇಕಾದರೆ ಇವನ್ನು ಅಳಿಸಬಹುದು. ಡಿಸ್ಕಿನಲ್ಲಿ ಜಾಗ ಕಡಿಮೆಯಿತ್ತು. ಅಳಿಸಿದ.

ಮರುದಿನದ ಮೀಟಿಂಗಿನಲ್ಲಿ ಯಾರೂ ಕೂಗಾಡಲಿಲ್ಲ. ಇಂಗ್ಲಿಷ್ ವ್ಯಾಕರಣದ ಪ್ರಕಾರ ವಾಕ್ಯದಲ್ಲಿ ತಪ್ಪೇ ಇರಲಿಲ್ಲ. ಹಾಗಾಗಿ ತಪ್ಪು ಆ ಹುಡುಗನದೆಂದು ತೀರ್ಮಾನವಾಯಿತು. ನಾನೂ ತಲೆಯಾಡಿಸಿದೆ. ಮನೆಗೆ ಬರುವ ಬಸ್ಸಿನಲ್ಲಿ ಕೂತಾಗ, ಅವನು ಓದಿದ್ದು ಸರಿಯಾಗಿಯೇ ಇತ್ತಲ್ಲ ಎಂಬುದು ಹೊಳೆಯಿತು. ಯಾರು ಅಳಿಸುತ್ತಾರೆ ಎಂಬುದನ್ನು ವಾಕ್ಯ ಹೇಳಿರಲಿಲ್ಲ. ಕರ್ತೃವನ್ನು ತೆಗೆದುಹಾಕಿದ್ದವನು ನಾನು.

ಅಂದಿನಿಂದ ಈ ಕಸುಬಿನ ಚರಿತ್ರೆಯನ್ನು ಬಿಡುವಾದಾಗಲೆಲ್ಲ ಓದುತ್ತ ಬಂದಿದ್ದೇನೆ. ಕಂಪ್ಯೂಟರಿನ ಇತಿಹಾಸವೆಂದರೆ ಯಂತ್ರಗಳ ಕತೆ, ಕಂಪನಿಗಳ ಕತೆ. ಅದರ ಮಗ್ಗುಲಲ್ಲೇ ವಾಕ್ಯಗಳ ಕತೆಯೂ ಇದೆ, ಹೇಳುವವರು ಕಡಿಮೆ. ಯಂತ್ರವನ್ನು ಕಟ್ಟಿದವರು ಅದರ ಬಗ್ಗೆ ಹೇಗೆ ಬರೆದರು, ಬರೆಯುತ್ತ ಏನು ಕಲಿತರು, ಸರಿಯಾಗಿ ಬರೆಯದೆ ಹೋದಾಗ ಏನಾಯಿತು ಎಂಬ ಕತೆ ಅದು.

*

ಮೂವರು ಟೈಪಿಸ್ಟರು

ಕಂಪ್ಯೂಟರಿನ ಕೈಪಿಡಿ ಕಂಪ್ಯೂಟರಿನಷ್ಟೇ ಹಳೆಯದು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 1 ಯಂತ್ರಕ್ಕೆ 1946ರಲ್ಲಿ ಪ್ರಕಟವಾದ ಕೈಪಿಡಿ ಐನೂರು ಪುಟ ಮೀರಿದ್ದು. ಅದರ ಬಹುಭಾಗವನ್ನು ಬರೆದವರು ಗ್ರೇಸ್ ಹಾಪರ್. ಗಣಿತದ ಪ್ರಾಧ್ಯಾಪಕಿಯಾಗಿದ್ದು ಯುದ್ಧಕಾಲದಲ್ಲಿ ನೌಕಾಪಡೆಗೆ ಸೇರಿದ್ದ ಹಾಪರ್‌ಗೆ, ಯಂತ್ರದ ರೂವಾರಿ ಹೊವರ್ಡ್ ಐಕೆನ್ ಒಂದು ದಿನ ಪುಸ್ತಕ ಬರೆಯಲು ಆಜ್ಞೆ ಮಾಡಿದರು. ತನಗೆ ಪುಸ್ತಕ ಬರೆದು ಗೊತ್ತಿಲ್ಲ ಎಂದರು ಹಾಪರ್. ಈಗ ನೀನು ನೌಕಾಪಡೆಯಲ್ಲಿದ್ದೀಯೆ ಎಂಬುದು ಐಕೆನ್ ಕೊಟ್ಟ ಉತ್ತರದ ತಾತ್ಪರ್ಯ. ಇಂದಿಗೂ ಬಹಳಷ್ಟು ಕೈಪಿಡಿಗಳು ಹೀಗೆಯೇ ಹುಟ್ಟುತ್ತವೆ. ಯಾರಿಗೋ ವಹಿಸಲಾಗುತ್ತದೆ, ಅವರು ಬರೆಯುತ್ತಾರೆ.

ಬರವಣಿಗೆ ಸಾಫ್ಟ್‌ವೇರಿನ ಒಳಗೇ ಬಂದು ಕೂತದ್ದು ಯುನಿಕ್ಸ್ ಹುಟ್ಟಿದಾಗ. ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಮೂಲೆಗೆ ಬಿದ್ದಿದ್ದ ಒಂದು ಪಿಡಿಪಿ-7 ಯಂತ್ರದ ಮೇಲೆ ಇದನ್ನು ಕಟ್ಟತೊಡಗಿದರು. ಅವರಿಗೆ ದೊಡ್ಡ ಯಂತ್ರ ಬೇಕಿತ್ತು. ಆಪರೇಟಿಂಗ್ ಸಿಸ್ಟಮ್ ಬರೆಯಲು ದುಡ್ಡು ಕೊಡಿ ಎಂದರೆ ಆಡಳಿತ ಕೊಡುತ್ತಿರಲಿಲ್ಲ. ಅಂಥ ಒಂದು ದೊಡ್ಡ ಯೋಜನೆಯಿಂದ ಬೆಲ್ ಲ್ಯಾಬ್ಸ್ ಆಗಷ್ಟೇ ಕೈತೊಳೆದುಕೊಂಡಿತ್ತು. ಆದ್ದರಿಂದ ಅವರು ಬೇರೆ ದಾರಿ ಹಿಡಿದರು. ದಾಖಲೆಗಳನ್ನು ಬರೆದು, ತಿದ್ದಿ, ಅಚ್ಚುಕಟ್ಟಾಗಿ ಮುದ್ರಿಸುವ ವ್ಯವಸ್ಥೆ ಕಟ್ಟಿಕೊಡುತ್ತೇವೆ ಎಂದರು. ಸುಮಾರು 65,000 ಡಾಲರಿನ ಪಿಡಿಪಿ-11 ಬಂತು. ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ಅದರ ಮುಂದೆ ಕೂತು ಪೇಟೆಂಟ್ ಅರ್ಜಿಗಳನ್ನು ಟೈಪು ಮಾಡತೊಡಗಿದರು. ಆ ಯಂತ್ರದ ನೆನಪಿನ ಶಕ್ತಿ 24 ಕಿಲೋಬೈಟ್. ಇಂದು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ.

ಇಂದು ನಮ್ಮ ಫೋನುಗಳಿಂದ ಬ್ಯಾಂಕಿನ ಸರ್ವರ್‌ಗಳವರೆಗೆ ಹಬ್ಬಿರುವ ಒಂದು ವಂಶವೃಕ್ಷದ ಬೇರು ಹೀಗೆ ಗುಮಾಸ್ತಿಕೆಯ ಬರವಣಿಗೆಯ ಕೋಣೆಯಲ್ಲಿದೆ. ಟೈಪಿಸ್ಟರು ಬಳಸುತ್ತಿದ್ದ ‘ರೋಫ್’ ಎಂಬ ಪ್ರೋಗ್ರಾಮಿನಿಂದಲೇ ಆ ತಂಡ ತನ್ನ ಕೈಪಿಡಿಯನ್ನೂ ಸಿದ್ಧಪಡಿಸಿತು. ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ತಾರೀಖು 1971ರ ನವೆಂಬರ್ 3. ಮುಖಪುಟದಲ್ಲಿ ಥಾಂಪ್ಸನ್ ಮತ್ತು ರಿಚಿಯವರ ಹೆಸರುಗಳಿವೆ. ಯಂತ್ರವನ್ನು ಕಟ್ಟಿದವರೇ ಅದರ ಬಗ್ಗೆ ಬರೆದರು.

*

‘ಬಗ್ಸ್’ ಎಂಬ ಶೀರ್ಷಿಕೆ

ಆ ಕೈಪಿಡಿಯ ಪ್ರತಿ ಪುಟದ ಅಚ್ಚೂ ಒಂದೇ. ಮೊದಲು ಹೆಸರು, ಆಮೇಲೆ ಬಳಸುವ ರೀತಿ, ವಿವರಣೆ, ಸಂಬಂಧಪಟ್ಟ ಫೈಲುಗಳು, ಇನ್ನೆಲ್ಲಿ ನೋಡಬೇಕು, ಯಾವ ತಪ್ಪಿನ ಸೂಚನೆ ಬರಬಹುದು. ಕೊನೆಯಲ್ಲಿ ಒಂದು ಶೀರ್ಷಿಕೆ: ‘ಬಗ್ಸ್’. ಈ ಪ್ರೋಗ್ರಾಮಿನಲ್ಲಿ ನಮಗೆ ಗೊತ್ತಿರುವ ಕುಂದುಗಳು ಇವು, ಎಂದು ಬರೆದವರೇ ತಮ್ಮ ಕೈಯಾರೆ ಪಟ್ಟಿ ಮಾಡುತ್ತಿದ್ದರು. ಅಂಗಡಿಯವರು ತಕ್ಕಡಿಯ ದೋಷವನ್ನು ಬೋರ್ಡಿನ ಮೇಲೆ ಬರೆದು ತೂಗುಹಾಕಿದ ಹಾಗೆ.

ಇದನ್ನು ವಿನಯವೆಂದು ನೋಡಿದರೆ ಅರ್ಧ ಕಂಡಂತೆ. ಇನ್ನರ್ಧವನ್ನು ಹೇಳಿದವರು ಆ ವಿಭಾಗದ ಮುಖ್ಯಸ್ಥ ಡಗ್ಲಸ್ ಮ್ಯಾಕಿಲ್‌ರಾಯ್. ಪೈಪ್‌ಗಳ ಕಲ್ಪನೆ ಕೊಟ್ಟವರೆಂದು ಪ್ರೋಗ್ರಾಮರುಗಳಿಗೆ ಪರಿಚಿತರಾದ ಇವರು ಕೈಪಿಡಿಯ ವಾಕ್ಯಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೊಸ ಆವೃತ್ತಿಯ ಕೈಪಿಡಿ ಹೊರಡುವ ಮುನ್ನ ಪ್ರತಿ ಸಲವೂ ಲ್ಯಾಬಿನಲ್ಲಿ ಗಡಿಬಿಡಿ ಏಳುತ್ತಿತ್ತು ಎಂದು ಅವರು ಅನಂತರ ನೆನೆದಿದ್ದಾರೆ. ಪ್ರೋಗ್ರಾಮಿನ ವಿಕಾರಗಳನ್ನು ಕಾಗದದ ಮೇಲೆ ಬರೆದಾಗ, ಇದನ್ನು ಅಚ್ಚು ಹಾಕಿಸಲಾರೆವು ಎನ್ನಿಸುತ್ತಿತ್ತಂತೆ. ಆಗ ವಾಕ್ಯವನ್ನು ತಿದ್ದುವ ಬದಲು ಪ್ರೋಗ್ರಾಮನ್ನೇ ತಿದ್ದುತ್ತಿದ್ದರು. ವಿವರಿಸಲು ಸುಲಭವಾಗಲಿ ಎಂದು ಕೆಲವು ಸೌಲಭ್ಯಗಳನ್ನು ಕಿತ್ತುಹಾಕಿದರು, ಕೆಲವನ್ನು ಸೇರಿಸಿದರು.

ನನ್ನ ವೃತ್ತಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಪಾಠವನ್ನು ನಾನು ಕಲಿತಿಲ್ಲ. ಒಂದು ಹಂತವನ್ನು ವಿವರಿಸಲು ನಾಲ್ಕು ‘ಆದರೆ’, ಮೂರು ‘ಹೊರತುಪಡಿಸಿ’ ಬೇಕಾಗುತ್ತಿದ್ದರೆ ದೋಷ ನನ್ನ ಭಾಷೆಯಲ್ಲಿ ಇರದಿರಬಹುದು. ಆ ಹಂತವೇ ಗೋಜಲಾಗಿರಬಹುದು. ವಾಕ್ಯ ಇಲ್ಲಿ ಥರ್ಮಾಮೀಟರು. ಜ್ವರ ಬಂದಾಗ ಥರ್ಮಾಮೀಟರನ್ನು ಉಜ್ಜಿ ಹೊಳಪು ಕೊಟ್ಟರೆ ಪ್ರಯೋಜನವಿಲ್ಲ.

ಅದೇ ಲ್ಯಾಬಿನವರ ಒಂದು ವಾಕ್ಯ ಉಲ್ಟಾ ಹೊಡೆದ ಉದಾಹರಣೆಯೂ ಇದೆ. 1975ರ ಆರನೆಯ ಆವೃತ್ತಿಯ ಸೋರ್ಸ್ ಕೋಡಿನಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಯಂತ್ರವನ್ನು ಹೊರಳಿಸುವ ಕಡೆ, ರಿಚಿ ಒಂದು ಟಿಪ್ಪಣಿ ಹಾಕಿದ್ದರು. ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆಯಿಲ್ಲ ಎಂಬುದು ಅದರ ಭಾವ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅದೇ ಆವೃತ್ತಿಗೆ ಸಾಲುಸಾಲಿನ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಹಂಚಿದರು. ಕೋಡಿನ ಹಕ್ಕು ಹೊಂದಿದ್ದ ಕಂಪನಿ ಮುಂದೆ ತರಗತಿಗಳಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿತು. ಆದರೂ ಆ ವ್ಯಾಖ್ಯಾನ ನೆರಳಚ್ಚಿನ ನೆರಳಚ್ಚಾಗಿ ಜಗತ್ತು ಸುತ್ತಿ, 1996ರಲ್ಲಿ ಪುಸ್ತಕವಾಗಿ ಹೊರಬಂತು. ಅದರೊಂದಿಗೆ ರಿಚಿಯ ಆ ಸಾಲೂ ಪ್ರಸಿದ್ಧವಾಯಿತು. ಓದಿದ ಅನೇಕರಿಗೆ ಅಹಂಕಾರದ ಮಾತಿನಂತೆ ಕೇಳಿಸಿತು. ಪರೀಕ್ಷೆಗೆ ಇದು ಬರುವುದಿಲ್ಲ ಎಂದು ಮೇಷ್ಟರು ಹೇಳುವ ಧಾಟಿಯಲ್ಲಿ ತಾನು ಬರೆದದ್ದೆಂದು ರಿಚಿ ಆಮೇಲೆ ವಿವರಿಸಿದರು. ಅಲ್ಲಿ ನಡೆಯುತ್ತಿದ್ದುದು ಆಗ ತಮಗೇ ಪೂರ್ತಿ ತಿಳಿದಿರಲಿಲ್ಲ ಎಂದೂ ಒಪ್ಪಿಕೊಂಡರು. ಧ್ವನಿ ಕೇಳಿಸದ ಕಡೆ ತಮಾಷೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದೊಂದು ಸಾಕ್ಷಿ.

*

ಮಾಲ್‌ಫಂಕ್ಷನ್ 54

ಇಲ್ಲಿಯವರೆಗಿನ ತಪ್ಪುಗಳಿಂದ ಹೋದದ್ದು ಒಂದಿಷ್ಟು ಸಮಯ, ಒಂದಿಷ್ಟು ಮರ್ಯಾದೆ, ನನ್ನ ಗ್ರಾಹಕರ ವಿಷಯದಲ್ಲಿ ಆರು ತಿಂಗಳ ಲಾಗು. 1986ರ ಮಾರ್ಚ್ 21ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಊರಿನಲ್ಲಿ ನಡೆದದ್ದು ಬೇರೆ ತೂಕದ್ದು.

ಥೆರಾಕ್-25 ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. ಕೆನಡಾದ ಸರ್ಕಾರಿ ಸಂಸ್ಥೆ ಎಇಸಿಎಲ್ ಅದನ್ನು ತಯಾರಿಸಿತ್ತು. ಹಿಂದಿನ ಮಾದರಿಗಳಲ್ಲಿ ಅಪಾಯ ತಡೆಯಲು ಇದ್ದ ಯಾಂತ್ರಿಕ ಬೀಗಗಳ ಕೆಲಸವನ್ನು ಇದರಲ್ಲಿ ಬಹುಮಟ್ಟಿಗೆ ಸಾಫ್ಟ್‌ವೇರಿಗೆ ಒಪ್ಪಿಸಲಾಗಿತ್ತು. ಆ ದಿನ ಆಪರೇಟರ್ ಒಂದು ಅಕ್ಷರ ತಪ್ಪಾಗಿ ಒತ್ತಿ, ಮೇಲ್ಮುಖದ ಬಾಣದ ಕೀಲಿಯಿಂದ ಹಿಂದೆ ಹೋಗಿ, ಬೇಗನೆ ಸರಿಪಡಿಸಿದರು. ತೆರೆಯ ಮೇಲೆ ಎಲ್ಲ ಸರಿಯಾಗಿ ಕಾಣುತ್ತಿತ್ತು. ಚಿಕಿತ್ಸೆ ಶುರು ಮಾಡಿದ ಕೂಡಲೇ ಯಂತ್ರ ನಿಂತು ‘ಮಾಲ್‌ಫಂಕ್ಷನ್ 54’ ಎಂದಿತು. ಜೊತೆಗೆ, ಕೊಡಬೇಕಾದದ್ದಕ್ಕಿಂತ ತೀರ ಕಡಿಮೆ ವಿಕಿರಣ ಹೋಗಿದೆ ಎಂಬಂತೆ ಅಂಕಿ ತೋರಿಸಿತು. ದಿನಕ್ಕೆ ಹತ್ತಾರು ಸಲ ಇಂಥ ಸೂಚನೆಗಳು ಬರುತ್ತಿದ್ದ ಯಂತ್ರ ಅದು. ಆಪರೇಟರ್ ಮುಂದುವರಿಸುವ ಕೀಲಿ ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಅಷ್ಟರಲ್ಲೇ ನಿಗದಿಗಿಂತ ಸುಮಾರು ನೂರು ಪಟ್ಟು ವಿಕಿರಣ ತಗುಲಿತ್ತು. ಅವರು ಐದು ತಿಂಗಳ ನಂತರ ತೀರಿಕೊಂಡರು. ಏಪ್ರಿಲ್ 11ರಂದು ಅದೇ ಆಸ್ಪತ್ರೆಯಲ್ಲಿ ಅದೇ ಸೂಚನೆ ಮತ್ತೆ ಬಂತು, ಇನ್ನೊಬ್ಬ ರೋಗಿ ಮೇ ತಿಂಗಳ ಮೊದಲ ದಿನ ತೀರಿಕೊಂಡರು. 1985ರಿಂದ 1987ರವರೆಗೆ ಈ ಯಂತ್ರದಿಂದ ಒಟ್ಟು ಆರು ಅಪಘಾತಗಳಾದವು.

ಮೂಲ ಕಾರಣ ಕೈಪಿಡಿಯಲ್ಲ. ಆಪರೇಟರ್ ಚುರುಕಾಗಿ ತಿದ್ದಿದರೆ ತೆರೆಗೂ ಯಂತ್ರದ ಒಳಸ್ಥಿತಿಗೂ ತಾಳೆಯಾಗದಂತೆ ಮಾಡುತ್ತಿದ್ದ ಪ್ರೋಗ್ರಾಮಿನ ದೋಷ ಮತ್ತು ಅದನ್ನು ತಡೆಯುವ ಯಾಂತ್ರಿಕ ಬೀಗ ಇಲ್ಲದ್ದು ಕಾರಣ. ನ್ಯಾನ್ಸಿ ಲೆವ್‌ಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಪ್ರಕಟಿಸಿದ ವಿವರವಾದ ತನಿಖಾ ಲೇಖನ ಇದನ್ನೆಲ್ಲ ಬಿಡಿಸಿಡುತ್ತದೆ. ಆದರೆ ಆ ಕೋಣೆಯಲ್ಲಿ ಯಂತ್ರ ಮನುಷ್ಯರಿಗೆ ಏನನ್ನಾದರೂ ಹೇಳಲು ಇದ್ದ ದಾರಿ ಒಂದೇ, ಆ ಸೂಚನೆ. ಆಪರೇಟರುಗಳಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ ಮಾಲ್‌ಫಂಕ್ಷನ್ ಸಂಖ್ಯೆಗಳ ಪ್ರಸ್ತಾಪವೇ ಇರಲಿಲ್ಲ. 54ಕ್ಕೆ ಸಿಕ್ಕ ಏಕೈಕ ವಿವರಣೆ ‘ಡೋಸ್ ಇನ್‌ಪುಟ್ 2’ ಎಂದಿತ್ತು. ಡೋಸು ಹೆಚ್ಚಾಯಿತೋ ಕಡಿಮೆಯಾಯಿತೋ? ಎರಡರಲ್ಲಿ ಯಾವುದಾದರೂ ಆಗಿರಬಹುದು ಎಂಬುದೇ ಅದರ ಅರ್ಥವೆಂದು ಕಂಪನಿಯ ಕಡೆಯವರು ಆಮೇಲೆ ತಿಳಿಸಿದರು.

ಆ ಸಾಲಿನಲ್ಲಿ ಎರಡು ನಾಮಪದ, ಒಂದು ಅಂಕಿ. ಕ್ರಿಯಾಪದವಿಲ್ಲ. ಏನಾಯಿತು ಎಂದು ಹೇಳಬೇಕಾದ ಪದವಿಲ್ಲ, ಈಗೇನು ಮಾಡಬೇಕು ಎಂದು ಹೇಳಬೇಕಾದ ಪದವೂ ಇಲ್ಲ. ಕನ್ನಡದಲ್ಲಿ ಕ್ರಿಯಾಪದವಿಲ್ಲದ ವಾಕ್ಯಗಳು ಬೇಕಾದಷ್ಟಿವೆ, ‘ಇದು ನಮ್ಮ ಮನೆ’ ಎಂದರೆ ಸಾಕು. ಅಪಾಯದ ಸೂಚನೆಗೆ ಮಾತ್ರ ಅಷ್ಟು ಸಾಲದು. ‘ಡೋಸು ಮಿತಿ ಮೀರಿರಬಹುದು, ಮುಂದುವರಿಸಬೇಡಿ’ ಎಂಬ ನಾಲ್ಕು ಪದಗಳು ತೆರೆಯ ಮೇಲೆ ಹಿಡಿಯುತ್ತಿದ್ದವು.

ಈ ಕತೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಇನ್ನೊಂದು ಕಾಗದ. ಏಪ್ರಿಲ್ 15ರಂದು ಕಂಪನಿ ಎಲ್ಲ ಬಳಕೆದಾರರಿಗೂ ಒಂದು ಪತ್ರ ಕಳಿಸಿತು: ಆ ಬಾಣದ ಕೀಲಿಯ ಮುಚ್ಚಳ ತೆಗೆದು, ಒಳಗಿನ ಸ್ವಿಚ್ ತಾಗದಂತೆ ಟೇಪು ಹಚ್ಚಿ. ಅಮೆರಿಕದ ಔಷಧ ಮತ್ತು ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೇ 2ರಂದು ಯಂತ್ರವನ್ನು ದೋಷಪೂರಿತವೆಂದು ಘೋಷಿಸಿತು. ಅದರೊಂದಿಗೆ ಆ ಪತ್ರದ ಬರವಣಿಗೆಯನ್ನೂ ತಿರಸ್ಕರಿಸಿತು. ಪತ್ರ ದೋಷ ಏನೆಂದು ಹೇಳುವುದಿಲ್ಲ, ಅಪಾಯ ಏನೆಂದು ಹೇಳುವುದಿಲ್ಲ, ಕೀಲಿ ಏಕೆ ಮುಚ್ಚಬೇಕೆಂದು ಹೇಳುವುದಿಲ್ಲ, ಅದರ ಧಾಟಿಯಲ್ಲಿ ತುರ್ತು ಇಲ್ಲ ಎಂಬುದು ಆಕ್ಷೇಪ. ಸರ್ಕಾರದ ಒಂದು ಸಂಸ್ಥೆ ಒಂದು ಕಾಗದದ ಧಾಟಿಯನ್ನು ಸುರಕ್ಷತೆಯ ಪ್ರಶ್ನೆಯಾಗಿ ಎತ್ತಿಕೊಂಡ ಕ್ಷಣ ಅದು.

*

ಯಂತ್ರವೇ ತಿದ್ದಿದರೆ?

ಬರವಣಿಗೆಯನ್ನು ತಿದ್ದಲು ಯಂತ್ರವನ್ನೇ ಹಚ್ಚುವ ಯೋಚನೆಯೂ ಯುನಿಕ್ಸ್ ಕೋಣೆಯಲ್ಲೇ ಮೊಳೆತಿತ್ತು. ಅಲ್ಲಿದ್ದ ಕೆಲವೇ ಮಹಿಳೆಯರಲ್ಲಿ ಒಬ್ಬರಾದ ಲೊರಿಂಡಾ ಚೆರಿ 1970ರ ದಶಕದ ನಡುವಿನಲ್ಲಿ ರಾಬರ್ಟ್ ಮಾರಿಸ್ ಜೊತೆಗೂಡಿ ‘ಟೈಪೋ’ ಎಂಬ ಪ್ರೋಗ್ರಾಮ್ ಬರೆದರು. ಅದರಲ್ಲಿ ನಿಘಂಟಿನ ಭಾರವಿರಲಿಲ್ಲ. ದಾಖಲೆಯ ಪದಗಳಲ್ಲಿ ಯಾವ ಮೂರು ಅಕ್ಷರ ಒಟ್ಟಿಗೆ ಎಷ್ಟು ಸಲ ಬರುತ್ತವೆ ಎಂದು ಎಣಿಸಿ, ಅಪರೂಪದ ಜೋಡಣೆಯಿರುವ ಪದಗಳನ್ನು ಪಟ್ಟಿಯ ಮೇಲಕ್ಕೆ ತರುತ್ತಿತ್ತು. ವಿಚಿತ್ರವಾಗಿ ಕಾಣುವ ಪದ ಬಹುಶಃ ತಪ್ಪು ಪದ ಎಂಬ ತರ್ಕ. ಭಾಷೆ ಗೊತ್ತಿಲ್ಲದ ಕಂಪೋಸಿಟರ್ ಕೂಡ ಕಣ್ಣಿನ ಅಭ್ಯಾಸದಿಂದಲೇ ತಪ್ಪು ಹಿಡಿಯುವ ಹಾಗೆ.

ಮುಂದೆ ಮ್ಯಾಕಿಲ್‌ರಾಯ್ ‘ಸ್ಪೆಲ್’ ಪ್ರೋಗ್ರಾಮಿಗಾಗಿ ಇಂಗ್ಲಿಷ್ ಪದಗಳ ಪಟ್ಟಿಯನ್ನು, ಪೂರ್ವಪ್ರತ್ಯಯ ಮತ್ತು ಉತ್ತರಪ್ರತ್ಯಯಗಳನ್ನು ಕಳಚಿ, ಮೂರನೇ ಒಂದಕ್ಕಿಂತ ಕಡಿಮೆಗೆ ಇಳಿಸಿದರು. ಚೆರಿಯವರು ಪದದ ಜಾತಿಯನ್ನು, ಅಂದರೆ ನಾಮಪದವೋ ಕ್ರಿಯಾಪದವೋ ಎಂಬುದನ್ನು ಊಹಿಸುವ ಪ್ರೋಗ್ರಾಮ್ ಬರೆದು, ಅದರ ಮೇಲೆ ‘ಸ್ಟೈಲ್’ ಮತ್ತು ‘ಡಿಕ್ಷನ್’ ಎಂಬ ಎರಡನ್ನು ಕಟ್ಟಿದರು. ರಟ್ಗರ್ಸ್ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ ವಿಲಿಯಂ ವೆಸ್ಟರ್‌ಮನ್ ಜೊತೆಯಾದರು. ವಾಕ್ಯಗಳ ಸರಾಸರಿ ಉದ್ದ, ಕರ್ಮಣಿ ಪ್ರಯೋಗದ ಪ್ರಮಾಣ, ವಾಕ್ಯಗಳು ಹೇಗೆ ಶುರುವಾಗುತ್ತವೆ ಎಂಬುದನ್ನೆಲ್ಲ ಒಂದು ಎಣಿಸುತ್ತಿತ್ತು. ಸವಕಲು, ಸುತ್ತುಬಳಸಿನ ಪದಗುಚ್ಛಗಳಿಗೆ ಇನ್ನೊಂದು ಕಂಸ ಹಾಕುತ್ತಿತ್ತು. ಇವೆಲ್ಲ ಸೇರಿ ‘ರೈಟರ್ಸ್ ವರ್ಕ್‌ಬೆಂಚ್’ ಆಯಿತು. ಇಂದು ನಮ್ಮ ವಾಕ್ಯಗಳ ಕೆಳಗೆ ನೀಲಿ ಗೆರೆ ಎಳೆಯುವ ಪ್ರತಿಯೊಂದು ಸಾಧನಕ್ಕೂ ಇದು ಅಜ್ಜಿ. ಚೆರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡರು.

ಇದರಲ್ಲಿದ್ದ ಅಳತೆಗೋಲುಗಳಲ್ಲಿ ಒಂದು ನೌಕಾಪಡೆಯದು. ಅಮೆರಿಕದ ನೌಕಾಪಡೆ ತನ್ನ ತಾಂತ್ರಿಕ ಕೈಪಿಡಿಗಳು ನಾವಿಕರಿಗೆ ಅರ್ಥವಾಗುತ್ತವೆಯೇ ಎಂದು ನೋಡಲು 1975ರಲ್ಲಿ ಪೀಟರ್ ಕಿನ್‌ಕೇಡ್ ಅವರಿಂದ ಒಂದು ಸೂತ್ರ ಮಾಡಿಸಿತು. ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ ಎಂಬುದರ ಮೇಲೆ ಇದು ಎಷ್ಟನೇ ತರಗತಿಯವರಿಗೆ ತಿಳಿಯುವ ಬರಹ ಎಂದು ಲೆಕ್ಕ ಹಾಕುವ ಸೂತ್ರ. ಕನ್ನಡಕ್ಕೆ ಇದನ್ನು ಹಾಗೆಯೇ ಹಚ್ಚಿದರೆ ನಗೆಪಾಟಲು. ‘ಬರಬೇಕಾಗಿರಲಿಲ್ಲವಂತೆ’ ಎಂಬುದು ಒಂದು ಪದ, ಹತ್ತು ಅಕ್ಷರ. ಇಂಗ್ಲಿಷ್ ಸೂತ್ರಕ್ಕೆ ಅದು ಪಿಎಚ್‌ಡಿ ಮಟ್ಟದ ಪದ. ನಮ್ಮ ಮನೆಯಲ್ಲಿ ಅದನ್ನು ಎರಡನೇ ಕ್ಲಾಸಿನ ಮಗು ಹೇಳುತ್ತದೆ.

ಈ ಸಾಧನಗಳ ಮಿತಿ ಇಂಗ್ಲಿಷಿನಲ್ಲೂ ಬಹಳ ಬೇಗ ಕಾಣುತ್ತದೆ. ‘ಡೋಸ್ ಇನ್‌ಪುಟ್ 2’ ಸಾಲನ್ನು ಯಾವ ಸೂತ್ರಕ್ಕಾದರೂ ಹಾಕಿ, ತುಂಬ ಸರಳವೆಂದೇ ಅಂಕ ಬರುತ್ತದೆ. ನನ್ನ ‘ಮೇ ಬಿ ಡಿಲೀಟೆಡ್’ ವಾಕ್ಯದ ಕೆಳಗೆ ಕರ್ಮಣಿ ಪ್ರಯೋಗ ಎಂದು ಗೆರೆ ಬೀಳಬಹುದಿತ್ತು. ಅದು ಅನುಮತಿಯೋ ಎಚ್ಚರಿಕೆಯೋ ಎಂದು ಸಾಧನ ಕೇಳುತ್ತಿರಲಿಲ್ಲ. ಸರಳತೆ ಬೇರೆ, ಸ್ಪಷ್ಟತೆ ಬೇರೆ.

*

ಒಂದು ಪದಕ್ಕೆ ಒಂದೇ ಅರ್ಥ

ಸ್ಪಷ್ಟತೆಯನ್ನು ಕಾನೂನಿನಂತೆ ಬರೆದಿಟ್ಟವರು ಎರಡು ಗುಂಪಿನವರು. ಒಂದು ಗುಂಪು ವಿಮಾನದವರು. ಯುರೋಪಿನ ವಿಮಾನಯಾನ ಕಂಪನಿಗಳು 1970ರ ದಶಕದ ಕೊನೆಯಲ್ಲಿ, ದುರಸ್ತಿಯ ಕೈಪಿಡಿಗಳ ಇಂಗ್ಲಿಷ್ ತಮ್ಮ ಮೆಕ್ಯಾನಿಕ್‌ಗಳಿಗೆ ತೊಡಕಾಗುತ್ತಿದೆ ಎಂದು ತಯಾರಕರ ಸಂಘವನ್ನು ಕೇಳಿಕೊಂಡವು. ಇದರಿಂದ ಹುಟ್ಟಿದ ‘ಸರಳೀಕೃತ ಇಂಗ್ಲಿಷ್’ ನಿಯಮಾವಳಿ 1986ರಲ್ಲಿ ಹೊರಬಂತು. ಒಂದು ಪದಕ್ಕೆ ಒಂದೇ ಅರ್ಥ. ಹೀಗೆ ಮಾಡಿ ಎಂದು ಹೇಳುವ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು. ಮೂರಕ್ಕಿಂತ ಹೆಚ್ಚು ನಾಮಪದಗಳನ್ನು ಸಾಲಾಗಿ ಪೋಣಿಸಬಾರದು. ಸಾಫ್ಟ್‌ವೇರಿನವರೂ ಈ ನಿಯಮಗಳಿಂದ ಬಹಳಷ್ಟು ಎರವಲು ಪಡೆದಿದ್ದಾರೆ.

ಇನ್ನೊಂದು ಗುಂಪು ಇಂಟರ್ನೆಟ್ ಕಟ್ಟಿದವರು. 1969ರ ಏಪ್ರಿಲ್ 7ರಂದು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಮೊದಲ ಟಿಪ್ಪಣಿ ಬರೆದಾಗ ಅದಕ್ಕೆ ‘ರಿಕ್ವೆಸ್ಟ್ ಫಾರ್ ಕಾಮೆಂಟ್ಸ್’ ಎಂದು ಹೆಸರಿಟ್ಟರು. ನಿಮ್ಮ ಅಭಿಪ್ರಾಯ ತಿಳಿಸಿ ಎಂಬ ವಿನಂತಿ. ನಾವು ಹುಡುಗರು, ನಿಯಮ ಹೇರುತ್ತಿದ್ದೇವೆ ಎಂದು ಯಾರಿಗೂ ಅನ್ನಿಸಬಾರದು ಎಂಬ ಸಂಕೋಚ ಅದರ ಹಿಂದಿತ್ತು. ಇಂಟರ್ನೆಟ್ಟಿನ ನಿಯಮಗಳೆಲ್ಲ ಇಂದಿಗೂ ಅದೇ ಹೆಸರಿನಲ್ಲಿ, ಆರ್‌ಎಫ್‌ಸಿ ಎಂದು, ಸಂಖ್ಯೆ ಹಾಕಿಸಿಕೊಂಡು ಬರುತ್ತವೆ.

ವಿನಂತಿಗಳು ಜಗತ್ತಿನ ನಿಯಮಗಳಾದ ಮೇಲೆ ಸಂಕೋಚದ ಭಾಷೆ ಸಾಲದಾಯಿತು. ‘ಮಾಡಬೇಕು’ ಎಂದರೆ ಕಡ್ಡಾಯವೋ ಸಲಹೆಯೋ? ಒಂದು ಕಂಪನಿ ಹೀಗೆ ಓದಿ, ಇನ್ನೊಂದು ಹಾಗೆ ಓದಿದರೆ ಎರಡರ ಯಂತ್ರಗಳು ಮಾತಾಡಿಕೊಳ್ಳುವುದಿಲ್ಲ. ಹಾರ್ವರ್ಡಿನ ಸ್ಕಾಟ್ ಬ್ರಾಡ್ನರ್ 1997ರ ಮಾರ್ಚಿನಲ್ಲಿ ಆರ್‌ಎಫ್‌ಸಿ 2119 ಬರೆದರು. ‘ಮಸ್ಟ್’ ಎಂದರೆ ಕಡ್ಡಾಯ. ‘ಶುಡ್’ ಎಂದರೆ ತಕ್ಕ ಕಾರಣವಿದ್ದರೆ ಬಿಡಬಹುದು, ಆದರೆ ಬಿಟ್ಟರೆ ಏನಾಗುತ್ತದೆಂದು ಪೂರ್ತಿ ತೂಗಿ ನೋಡಿರಬೇಕು. ‘ಮೇ’ ಎಂದರೆ ಐಚ್ಛಿಕ. ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳಿಗೆ ಹೀಗೆ ಬೇಲಿ ಹಾಕಿದ ಆ ಬರಹ ಕೆಲವೇ ಪುಟದ್ದು. ಇಪ್ಪತ್ತು ವರ್ಷಗಳ ನಂತರ, 2017ರಲ್ಲಿ, ಇನ್ನೊಂದು ಗೊಂದಲ ಬಗೆಹರಿಸಲು ಆರ್‌ಎಫ್‌ಸಿ 8174 ಬೇಕಾಯಿತು: ಈ ಪದಗಳನ್ನು ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ ಆ ವಿಶೇಷ ಅರ್ಥ, ಸಣ್ಣಕ್ಷರದಲ್ಲಿದ್ದರೆ ಸಾಮಾನ್ಯ ಇಂಗ್ಲಿಷ್.

*

ಬಹುದು, ಬೇಕು, ಲೇಬೇಕು

ಇಲ್ಲಿ ಬಂದು ನಾನು ಸುಮ್ಮನೆ ಕೂತುಬಿಟ್ಟಿದ್ದೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ನಾವೇನು ಮಾಡಬೇಕು?

ಉತ್ತರ ನಮ್ಮ ನಾಲಗೆಯ ಮೇಲೇ ಇತ್ತು. ‘ಮಾಡಬೇಕು’ ಎಂಬುದಕ್ಕೆ ನಮ್ಮಲ್ಲಿ ‘ಮಾಡಲೇಬೇಕು’ ಎಂಬ ಅಣ್ಣ ಇದ್ದಾನೆ. ಆ ಒಂದು ‘ಏ’ ಇಂಗ್ಲಿಷಿನ ದೊಡ್ಡಕ್ಷರ ಮಾಡುವ ಕೆಲಸವನ್ನು ಮಾಡುತ್ತದೆ. ಜೋರಾಗಿ ಓದಿದಾಗಲೂ ಕಿವಿಗೆ ಕೇಳಿಸುತ್ತದೆ, ದೊಡ್ಡಕ್ಷರದಿಂದ ಅದು ಆಗದು. ‘ಮಾಡುವುದು ಒಳ್ಳೆಯದು’ ಎಂಬುದು ಸಲಹೆ. ‘ಮಾಡಕೂಡದು’ ಬೇರೆ, ‘ಮಾಡಬೇಕಾಗಿಲ್ಲ’ ಬೇರೆ. ಅಜ್ಜಿಗೂ ಈ ವ್ಯತ್ಯಾಸ ಗೊತ್ತು.

‘ಬಹುದು’ ಮಾತ್ರ ಇಂಗ್ಲಿಷಿನ ‘ಮೇ’ ಹಾಗೆಯೇ ಎರಡು ದೋಣಿಯಲ್ಲಿ ಕಾಲಿಡುತ್ತದೆ. ‘ಒಳಗೆ ಬರಬಹುದು’ ಎಂದರೆ ಅನುಮತಿ, ‘ಮಳೆ ಬರಬಹುದು’ ಎಂದರೆ ಸಂಭವ. ಆದರೂ ನನ್ನ ಆ ವಾಕ್ಯವನ್ನು ಕನ್ನಡದಲ್ಲಿ ಯೋಚಿಸಿದ್ದರೆ ಅನಾಹುತ ಆಗುತ್ತಿರಲಿಲ್ಲ. ಅನುಮತಿಯಾದರೆ ‘ಫೈಲುಗಳನ್ನು ಅಳಿಸಬಹುದು’. ಎಚ್ಚರಿಕೆಯಾದರೆ ‘ಫೈಲುಗಳು ಅಳಿಸಿಹೋಗಬಹುದು’. ಒಂದರಲ್ಲಿ ‘ಅನ್ನು’ ಬಂತು, ಇನ್ನೊಂದರಲ್ಲಿ ‘ಹೋಗು’ ಬಂತು, ದಾರಿ ಕವಲೊಡೆಯಿತು. ಕನ್ನಡದ ಮಾತು ಮಾಡುವುದನ್ನೂ ಆಗುವುದನ್ನೂ ಬೇರೆಬೇರೆಯಾಗಿ ಹಿಡಿದಿಡುತ್ತದೆ. ಇಂಗ್ಲಿಷಿನ ಕರ್ಮಣಿಯನ್ನು ಪದಕ್ಕೆ ಪದ ಇಳಿಸಿ ‘ಅಳಿಸಲ್ಪಡಬಹುದು’ ಎಂದು ಬರೆದ ಕೂಡಲೇ ಆ ಭೇದ ಅಳಿದು, ಇಂಗ್ಲಿಷಿನ ಗೊಂದಲ ಕನ್ನಡದ ವೇಷದಲ್ಲಿ ಬಂದು ಕೂರುತ್ತದೆ.

ನಮ್ಮ ಫೋನು, ಬ್ಯಾಂಕು, ರೈಲ್ವೆ ಟಿಕೆಟ್ಟಿನ ಪುಟಗಳಲ್ಲಿ ಓದುವ ಕನ್ನಡ ಬಹುಮಟ್ಟಿಗೆ ಈ ವೇಷದ್ದೇ. ‘ನಿಮ್ಮ ವಿನಂತಿಯನ್ನು ಪ್ರಕ್ರಿಯೆಗೊಳಿಸಲಾಗುತ್ತಿದೆ.’ ಯಾರು ಮಾಡುತ್ತಿದ್ದಾರೆ, ಎಷ್ಟು ಹೊತ್ತು, ನಾನು ಕಾಯಬೇಕೋ ಹೋಗಬೇಕೋ? ದುಡ್ಡು ಕಡಿತವಾಗಿ ಟಿಕೆಟ್ ಬಾರದೆ ಇದ್ದಾಗ ಈ ಸಾಲಿನ ಮುಂದೆ ಕೂತವರಿಗೆ ಅದರ ಬೆಲೆ ಗೊತ್ತು. ಮುಂಬೈ, ದೆಹಲಿಯಲ್ಲಿರುವ ನಾವು ಇಂಗ್ಲಿಷಿಗೆ ಬದಲಾಯಿಸಿಕೊಂಡು ಪಾರಾಗುತ್ತೇವೆ. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಆ ದಾರಿಯಿಲ್ಲ. ಅವರು ನಮಗೆ ಫೋನು ಮಾಡಿ ಆ ಸಾಲನ್ನು ಓದಿ ಹೇಳುತ್ತಾರೆ, ‘ಇದರ ಅರ್ಥ ಏನಪ್ಪ?’ ಎನ್ನುತ್ತಾರೆ. ಅರ್ಥ ಗೊತ್ತಾಗದ್ದಕ್ಕೆ ತಾವೇ ತಪ್ಪಿತಸ್ಥರೆಂಬ ದನಿಯಲ್ಲಿ. ನನ್ನ ಮೀಟಿಂಗಿನಲ್ಲಿ ಆ ಹುಡುಗನ ಮೇಲೆ ಹೊರಿಸಿದ ತಪ್ಪೇ ಅದು.

ಈ ಚರಿತ್ರೆಯಿಂದ ನಾನು ಉಳಿಸಿಕೊಂಡದ್ದು ಮೂರು ಪ್ರಶ್ನೆ. ವಾಕ್ಯ ಬರೆದ ಮೇಲೆ ಕೇಳಿಕೊಳ್ಳುತ್ತೇನೆ. ಮಾಡುವವರು ಯಾರು? ಮಾಡಲೇಬೇಕೋ, ಮಾಡಿದರೆ ಒಳ್ಳೆಯದೋ, ಬಿಟ್ಟರೂ ನಡೆಯುತ್ತದೋ? ತಪ್ಪಿದರೆ ಏನಾಗುತ್ತದೆ? ಇವಕ್ಕೆ ಉತ್ತರ ಸಿಗದಿದ್ದರೆ ನಾನು ಪೆನ್ನು ಕೆಳಗಿಟ್ಟು ಎಂಜಿನಿಯರ್ ಹತ್ತಿರ ಹೋಗುತ್ತೇನೆ. ಎಷ್ಟೋ ಸಲ ಉತ್ತರ ಅವರಿಗೂ ಗೊತ್ತಿರುವುದಿಲ್ಲ. ಆಗ ಇಬ್ಬರೂ ಕೂತು ಪ್ರೋಗ್ರಾಮ್ ತೆರೆದು ನೋಡುತ್ತೇವೆ. ಮ್ಯಾಕಿಲ್‌ರಾಯ್ ಹೇಳಿದ ಗಡಿಬಿಡಿ ಅದೇ ಇರಬೇಕು.

ಅಪ್‌ಗ್ರೇಡ್ ಪುಟದ ಆ ವಾಕ್ಯವನ್ನು ಕಂಪನಿ ಬಿಡುವ ಮೊದಲು ತಿದ್ದಿದೆ. ಈಗ ಅದು ಎರಡು ವಾಕ್ಯ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಅಪ್‌ಗ್ರೇಡ್ ಹಳೆಯ ಲಾಗ್ ಫೈಲುಗಳನ್ನು ಅಳಿಸುತ್ತದೆ. ಶುರು ಮಾಡುವ ಮೊದಲು ಅವನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ.’ ಮೊದಲಿನದಕ್ಕಿಂತ ಉದ್ದ. ಆದರೆ ಅಳಿಸುವವರು ಯಾರು, ನಕಲು ಮಾಡಬೇಕಾದವರು ಯಾರು ಎಂಬುದರಲ್ಲಿ ಸಂದೇಹವಿಲ್ಲ. ಆ ಹುಡುಗನಿಗೆ ಒಂದು ಮೇಲ್ ಬರೆದು, ತಪ್ಪು ನನ್ನ ವಾಕ್ಯದ್ದು ಎಂದು ಹೇಳಬೇಕೆಂದು ಬಹಳ ದಿನ ಅಂದುಕೊಂಡಿದ್ದೆ. ಬರೆಯಲಿಲ್ಲ. ಬರೆಯಲೇಬೇಕಿತ್ತು.